ಹೊರಗಿನ ಗಾಯ ಮಾಯಿತು, ಒಳಗಿನದು?

ಈ ಲೇಖನ ಶುರುವಾಗುವುದು ಒಂದು ತಪ್ಪಿನಿಂದ. ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ.

ಆದವಾನಿ ಸೀಮೆಯಲ್ಲಿ ನನಗೆ ಬಹುಕಾಲದಿಂದ ಪರಿಚಯವಿರುವ ಒಂದು ಕುಟುಂಬವಿದೆ. ಹೆಸರು ಬೇಡ, ಊರೂ ಬೇಡ. ಇಷ್ಟನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಮನೆಯ ಯಜಮಾನರು ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ. ದಿನವಿಡೀ ಮೂಟೆ ಹೊತ್ತರೂ ಸಂಜೆ ಮನೆಗೆ ಬಂದು ಮಕ್ಕಳ ಜೊತೆ ನಗುತ್ತಾ ಕೂರುವ ಮನುಷ್ಯ. ದೇವಾಲಯದ ಹಬ್ಬಕ್ಕೆ ಚಪ್ಪರ ಹಾಕಲು ಕರೆಯದಿದ್ದರೂ ಬರುವವರು. ಒಂದು ಸಂಜೆ ಬೈಕಿನಲ್ಲಿ ಬರುವಾಗ ಕತ್ತಲಲ್ಲಿ ನಿಂತಿದ್ದ ಟ್ರಾಕ್ಟರಿನ ಟ್ರೇಲರಿಗೆ ಗುದ್ದಿ ಬಿದ್ದರು. ಹೆಲ್ಮೆಟ್ ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಎರಡು ದಿನ ಪ್ರಜ್ಞೆ ಇರಲಿಲ್ಲ. ಹದಿನೈದು ದಿನದ ಮೇಲೆ ತಲೆಯ ಹೊಲಿಗೆ ಬಿಚ್ಚಿ ಮನೆಗೆ ಕಳುಹಿಸಿದರು. ನಾವೆಲ್ಲ ಸೇರಿ ಕೃತಜ್ಞತಾ ಬಲಿಪೂಜೆ ಅರ್ಪಿಸಿದೆವು, ಸಿಹಿ ಹಂಚಿದೆವು.

ನಾಲ್ಕು ತಿಂಗಳು ಕಳೆದ ಮೇಲೆ ಅವರ ಹೆಂಡತಿ ಬಂದರು. "ಫಾದರ್, ಆಸ್ಪತ್ರೆಯಿಂದ ಬಂದವರು ನಮ್ಮವರಲ್ಲ. ಮುಖ ಅದೇ, ಮನುಷ್ಯ ಬೇರೆ" ಎಂದರು. ತಟ್ಟೆ ಸದ್ದಾದರೆ ಸಿಟ್ಟು. ಟಿ.ವಿ. ಹಾಕಿದರೆ ಸಿಟ್ಟು. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಮರೆತುಹೋಗುತ್ತದೆ. ಸಾರಿನ ವಾಸನೆಯೇ ತಿಳಿಯುವುದಿಲ್ಲವಂತೆ, ಅದಕ್ಕೂ ಹೆಂಡತಿಯ ಕೈಯಡುಗೆಯ ಮೇಲೆ ದೂರು. ಕೆಲಸಕ್ಕೆ ಹೋದರೆ ಅರ್ಧ ದಿನಕ್ಕೇ ವಾಪಸ್. ನೆಂಟರು "ಬಿದ್ದ ನೆಪ ಮಾಡಿ ಮೈಗಳ್ಳನಾಗಿದ್ದಾನೆ" ಎನ್ನುತ್ತಿದ್ದರು.

ನಾನು ಮಾಡಿದ್ದೇನು? ಅವರ ಮನೆಗೆ ಹೋಗಿ, ಪಡಸಾಲೆಯಲ್ಲಿ ಎಲ್ಲರೆದುರು ಕೂರಿಸಿ, ತಾಳ್ಮೆಯ ಬಗ್ಗೆ, ಗಂಡನ ಕರ್ತವ್ಯದ ಬಗ್ಗೆ ಅರ್ಧ ಗಂಟೆ ಉಪದೇಶ ಮಾಡಿದೆ. ಇದು ಪಾಪನಿವೇದನೆಯ ಮಾತಲ್ಲ, ಎಲ್ಲರೂ ಕೇಳಿದ ಮಾತು, ಆದ್ದರಿಂದ ಬರೆಯಬಹುದು. ಅವರು ತಲೆ ತಗ್ಗಿಸಿ ಕೇಳಿದರು. "ಇನ್ನು ಮೇಲೆ ಸಿಟ್ಟು ಮಾಡುವುದಿಲ್ಲ ಫಾದರ್" ಎಂದು ಮಾತು ಕೊಟ್ಟರು. ನಾನು ಸಮಾಧಾನದಿಂದ ಕಾಫಿ ಕುಡಿದು ಬಂದೆ. ಮರುದಿನ ಅವರ ಮಗಳು ಹೇಳಿದ್ದು: ನಾನು ಬಂದು ಹೋದದ್ದೇ ಅಪ್ಪನಿಗೆ ನೆನಪಿಲ್ಲ!

ನನ್ನ ಅರ್ಧ ಗಂಟೆಯ ಉಪದೇಶದಲ್ಲಿ ಒಂದು ಮಾತೂ ಅವರ ತಲೆಯಲ್ಲಿ ನಿಂತಿರಲಿಲ್ಲ. ನಿಲ್ಲುವ ಸ್ಥಿತಿಯಲ್ಲೇ ಆ ತಲೆ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ, ಅವರ ಜೊತೆ ಬೆಂಗಳೂರಿಗೆ ತಪಾಸಣೆಗೆ ಹೋದಾಗ. ಅಲ್ಲಿನ ವೈದ್ಯರು ಸ್ಕ್ಯಾನ್ ಹಿಡಿದು, "ರಕ್ತ ಹೆಪ್ಪುಗಟ್ಟಿದ್ದು ಕರಗಿದೆ, ಮೂಳೆ ಕೂಡಿದೆ. ಆದರೆ ಸ್ಕ್ಯಾನಿಗೆ ಕಾಣದ್ದು ಬಹಳ ಇದೆ. ಪೆಟ್ಟು ಬಿದ್ದದ್ದು ಒಂದು ಕ್ಷಣ, ಮಿದುಳು ಅದಕ್ಕೆ ಉತ್ತರ ಕೊಡುವುದು ವರ್ಷಗಟ್ಟಲೆ" ಎಂದರು. ಆಗ ಆ ತಾಯಿ ಒಂದು ಪ್ರಶ್ನೆ ಕೇಳಿದರು. ಮಗಳಿಗೆ ಗಂಡು ನೋಡುತ್ತಿದ್ದರು. ಗಂಡಿನ ಕಡೆಯ ಯಾರೋ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದರಂತೆ. ತಲೆಗೆ ಪೆಟ್ಟಾದರೆ ಜೀನುಗಳೇ ಬದಲಾಗುತ್ತವೆ, ಎಪಿಜೆನೆಟಿಕ್ಸ್ ಅಂತ ಅದರ ಹೆಸರು, ಅದು ಮಕ್ಕಳಿಗೂ ಹೋಗುತ್ತದೆ ಎಂದು ಅದರಲ್ಲಿತ್ತಂತೆ. "ನಮ್ಮ ಹುಡುಗಿಗೂ ಇದು ಬರುತ್ತದಾ ಡಾಕ್ಟ್ರೇ?"

ವೈದ್ಯರು ಕೊಟ್ಟ ಉತ್ತರವನ್ನು ಮುಂದೆ ಹೇಳುತ್ತೇನೆ. ಆ ಒಂದು ಪದದ ಬೆನ್ನು ಹತ್ತಿ ನಾನು ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ. ಇಂಥ ಕುಟುಂಬ ನಮ್ಮ ಸೀಮೆಯಲ್ಲಿ ಒಂದೇ ಅಲ್ಲ.

ನಮ್ಮ ಸೀಮೆಯ ತಲೆಗಳು

ನಕಾಶೆಯಲ್ಲಿ ಆದೋನಿ, ನಮ್ಮ ಮನೆಮಾತಿನಲ್ಲಿ ಆದವಾನಿ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಹಾಗಾಗಿ ಇಲ್ಲಿ ಪೇಟೆಗೆ ತೆಲುಗು, ಅಡುಗೆಮನೆಗೆ ಕನ್ನಡ. ಹತ್ತಿ, ಶೇಂಗಾ ನಂಬಿದ ಒಣ ಭೂಮಿ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಲಾರಿ, ಟ್ರಾಕ್ಟರು, ಹತ್ತು ಹನ್ನೆರಡು ಜನ ತುಂಬಿದ ಆಟೋ, ಕಂಬಿ ಇಲ್ಲದ ಸಾರವೆ. ತಲೆಗೆ ಪೆಟ್ಟು ಬೀಳುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್ ಅವರು 2002ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ನಮ್ಮ ದೇಶದ ಮಿದುಳಿನ ಗಾಯಗಳಲ್ಲಿ ಶೇಕಡಾ 60ರಷ್ಟು ರಸ್ತೆಯಲ್ಲಿ ಆಗುವಂಥವು, 20ರಿಂದ 25ರಷ್ಟು ಬಿದ್ದು ಆಗುವಂಥವು, ಹತ್ತರಷ್ಟು ಹೊಡೆದಾಟದಿಂದ.

ಹೊಡೆತದ ಮಾತು ಬಂದಾಗ ಈ ಸೀಮೆಯವರಿಗೆ ನೆನಪಾಗುವುದು ಹೊಳಗುಂದ ಮಂಡಲದ ದೇವರಗಟ್ಟು. ವಿಜಯದಶಮಿಯ ರಾತ್ರಿ ಗುಡ್ಡದ ಮೇಲಿನ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಳನ್ನು ಪಂಜಿನ ಬೆಳಕಿನಲ್ಲಿ ಇಳಿಸುತ್ತಾರೆ. ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಯವರು ಮೂರ್ತಿಗಳನ್ನು ಕಾಯುವವರು. ಸುತ್ತಲಿನ ಬೇರೆ ಊರುಗಳವರು ಅವನ್ನು ತಮ್ಮ ಕಡೆಗೆ ಒಯ್ಯಲು ಬರುವವರು. ಎರಡೂ ಕಡೆಯವರ ಕೈಯಲ್ಲಿ ಕಬ್ಬಿಣದ ಬಳೆ ತೊಡಿಸಿದ ಬಡಿಗೆಗಳು. ಬಳ್ಳಾರಿ, ರಾಯಚೂರು ಕಡೆಯಿಂದಲೂ ಜನ ನೋಡಲು ಬರುತ್ತಾರೆ. ಪೊಲೀಸರು ಕಾಯುತ್ತಾರೆ, ಸರಕಾರ ವೈದ್ಯಕೀಯ ಶಿಬಿರ ಹಾಕುತ್ತದೆ, ಆದರೂ ಪ್ರತಿ ವರ್ಷ ಹತ್ತಾರು ತಲೆಗಳು ಒಡೆಯುತ್ತವೆ, ಕೆಲವು ವರ್ಷ ಪ್ರಾಣವೂ ಹೋಗಿದೆ. ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಮತ್ತೆ ಗುಂಪಿಗೆ ನುಗ್ಗುವವರಿದ್ದಾರೆ. ಅವರ ದೃಷ್ಟಿಯಲ್ಲಿ ಅದು ಜಗಳವಲ್ಲ, ಹರಕೆ. ಇನ್ನೊಬ್ಬರ ಭಕ್ತಿಯ ಮೇಲೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ, ಅಂಥ ಇಚ್ಛೆಯೂ ಇಲ್ಲ. ಆದರೆ ಮಿದುಳಿಗೆ ಪೆಟ್ಟು ಹರಕೆಯದೋ, ಟ್ರಾಕ್ಟರಿನದೋ, ಕುಡಿದು ಮಾಡಿಕೊಂಡ ಜಗಳದ್ದೋ ಎಂಬುದು ತಿಳಿಯುವುದಿಲ್ಲ. ಅರಿಶಿನ ಚರ್ಮವನ್ನು ಮಾಯಿಸಬಹುದು. ಒಳಗಿನ ಕಥೆ ಬೇರೆ.

ಪೂಜಾಗ್ರಂಥದ ರಿಬ್ಬನ್ನುಗಳು

ನಮ್ಮ ದೇಹದ ಬಹುಪಾಲು ಪ್ರತಿ ಕೋಶದಲ್ಲೂ ಒಂದೇ ಪುಸ್ತಕವಿದೆ. ಅದರ ಹೆಸರು ಡಿಎನ್ಎ. ಅದರಲ್ಲಿ ಸುಮಾರು 20,000 ಪಾಠಗಳು. ಅವನ್ನೇ ನಾವು ಜೀನು ಅಥವಾ ವಂಶವಾಹಿ ಎನ್ನುತ್ತೇವೆ. ಕಣ್ಣಿನ ಕೋಶದಲ್ಲೂ ಅದೇ ಪುಸ್ತಕ, ಹೊಟ್ಟೆಯ ಕೋಶದಲ್ಲೂ ಅದೇ ಪುಸ್ತಕ. ಹಾಗಿದ್ದರೆ ಕಣ್ಣು ಕಣ್ಣಾಗಿ, ಹೊಟ್ಟೆ ಹೊಟ್ಟೆಯಾಗಿ ಇರುವುದು ಹೇಗೆ?

ದೇವಪೀಠದ ಮೇಲಿನ ಪೂಜಾಗ್ರಂಥವನ್ನು ನೆನಪಿಸಿಕೊಳ್ಳಿ. ವರ್ಷವಿಡೀ ಗ್ರಂಥ ಒಂದೇ. ತಪಸ್ಸುಕಾಲಕ್ಕೆ ಬೇರೆ ಪುಟ, ಕ್ರಿಸ್ತಜಯಂತಿಗೆ ಬೇರೆ ಪುಟ. ಇವತ್ತು ಯಾವ ಪುಟ ತೆರೆಯಬೇಕೆಂದು ಹೇಳುವುದು ಅದರಿಂದ ಇಳಿಬಿದ್ದ ಬಣ್ಣದ ರಿಬ್ಬನ್ನುಗಳು. ರಿಬ್ಬನ್ನು ಸರಿಸಿದರೆ ಗ್ರಂಥದ ಒಂದಕ್ಷರವೂ ಬದಲಾಗುವುದಿಲ್ಲ, ಆದರೆ ಓದುವ ಪ್ರಾರ್ಥನೆ ಬದಲಾಗುತ್ತದೆ. ಕೋಶಗಳಲ್ಲೂ ಇಂಥ ರಿಬ್ಬನ್ನುಗಳಿವೆ. ಅಕ್ಷರ ಬದಲಾಗದೆ ಓದು ಬದಲಾಗುವ ಈ ವ್ಯವಸ್ಥೆಯ ಅಧ್ಯಯನವೇ ಎಪಿಜೆನೆಟಿಕ್ಸ್. ಈ ಪದವನ್ನು 1942ರಲ್ಲಿ ಬಳಕೆಗೆ ತಂದವರು ಕಾನ್ರಾಡ್ ವ್ಯಾಡಿಂಗ್ಟನ್ ಎಂಬ ಬ್ರಿಟಿಷ್ ವಿಜ್ಞಾನಿ. ಆಗಿನ್ನೂ ಡಿಎನ್ಎಯ ರೂಪ ಯಾರಿಗೂ ಗೊತ್ತಿರಲಿಲ್ಲ.

ರಿಬ್ಬನ್ನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಡಿಎನ್ಎಯ ಮೇಲೆಯೇ ಅಂಟುವ ಮಿಥೈಲ್ ಎಂಬ ಚಿಕ್ಕ ಗುರುತು: ಒಂದು ಇಂಗಾಲ, ಮೂರು ಜಲಜನಕ, ಅಷ್ಟೆ. ಸಾಮಾನ್ಯವಾಗಿ ಜೀನಿನ ಬಾಗಿಲಲ್ಲಿ ಇದು ಅಂಟಿದರೆ ಆ ಪಾಠ ಮುಚ್ಚಿದಂತೆ. ಎರಡನೆಯದನ್ನು ಆದವಾನಿಯವರಿಗೆ ವಿವರಿಸುವುದು ಸುಲಭ. ಒಂದು ಕೋಶದ ಡಿಎನ್ಎಯನ್ನು ಬಿಡಿಸಿ ಹಿಡಿದರೆ ಸುಮಾರು 2 ಮೀಟರ್ ಉದ್ದ. ಅದು ಕಣ್ಣಿಗೆ ಕಾಣದ ಕೋಶಕೇಂದ್ರದಲ್ಲಿ ಹಿಡಿಯಬೇಕಾದರೆ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ನೂಲಿನಂತೆ ಸುತ್ತಿಕೊಂಡಿರಬೇಕು. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯನ್ನು ಯಂತ್ರದಲ್ಲಿ ಒತ್ತಿ ಬೇಲು ಕಟ್ಟುವುದನ್ನು ನೀವು ನೋಡಿದ್ದೀರಿ. ಒತ್ತಿದ ಬೇಲಿನಿಂದ ನೂಲು ತೆಗೆಯಲಾಗದು, ಬಿಡಿಸಿ ಹಿಂಜಬೇಕು. ಹಿಸ್ಟೋನುಗಳಿಗೆ ಅಸಿಟೈಲ್ ಎಂಬ ಗುರುತು ಸೇರಿದರೆ ಬೇಲು ಸಡಿಲವಾಗಿ ಅಲ್ಲಿನ ಜೀನುಗಳನ್ನು ಓದಲು ದಾರಿಯಾಗುತ್ತದೆ. ಗುರುತು ಕಳಚಿದರೆ ಮತ್ತೆ ಬಿಗಿ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು ಲೆಕ್ಕ. ಚರ್ಮದ ಕೋಶ ಸತ್ತರೆ ಹೊಸದು ಬರುತ್ತದೆ. ನರಕೋಶಗಳು ಬಹುಮಟ್ಟಿಗೆ ಹಾಗಲ್ಲ. ಹುಟ್ಟಿನಿಂದ ಸಾಯುವವರೆಗೆ ಅವೇ. ಆದ್ದರಿಂದ ಒಂದು ನರಕೋಶದಲ್ಲಿ ರಿಬ್ಬನ್ನು ತಪ್ಪಾದ ಪುಟಕ್ಕೆ ಹೋದರೆ, ಆ ತಪ್ಪು ಕೋಶದೊಂದಿಗೇ ಬಹುಕಾಲ ಉಳಿಯಬಹುದು.

ಪೆಟ್ಟಿನ ನಂತರ ಆಗುವುದು

ತಲೆ ನೆಲಕ್ಕೆ ಬಡಿದಾಗ ಬುರುಡೆ ನಿಲ್ಲುತ್ತದೆ, ಒಳಗಿನ ಮಿದುಳು ನಿಲ್ಲುವುದಿಲ್ಲ. ಅದು ಅಲುಗಿ ತಿರುಚುತ್ತದೆ, ನರತಂತುಗಳು ಜಗ್ಗಿ ಕೆಲವು ಹರಿಯುತ್ತವೆ. ಇದು ಮೊದಲ ಗಾಯ. ಎರಡನೆಯ ಗಾಯ ಆಮೇಲಿನ ಗಂಟೆ, ದಿನಗಳಲ್ಲಿ ಆಗುವಂಥದ್ದು: ಬಾವು ಬರುತ್ತದೆ, ಒಡೆದ ಕೋಶಗಳಿಂದ ಹೊರಬಿದ್ದ ರಾಸಾಯನಿಕಗಳು ಪಕ್ಕದ ಕೋಶಗಳನ್ನು ಕೆರಳಿಸುತ್ತವೆ, ಮಿದುಳಿನ ಕಾವಲುಗಾರರಾದ ಮೈಕ್ರೋಗ್ಲಿಯಾ ಕೋಶಗಳು ಎದ್ದು ಓಡಾಡುತ್ತವೆ. ಈ ಗದ್ದಲದಲ್ಲಿ ಪ್ರತಿ ಕೋಶವೂ ಪುಸ್ತಕದ ಪುಟಗಳನ್ನು ತುರ್ತಾಗಿ ತಿರುಗಿಸುತ್ತದೆ. ರಿಪೇರಿಯ ಪಾಠ ತೆರೆ, ಕಲಿಕೆಯ ಪಾಠ ಮುಚ್ಚು, ಉರಿಯೂತದ ಪಾಠ ತೆರೆ, ಹೀಗೆ.

2006ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಸಂಶೋಧಕರು ತಲೆಗೆ ಪೆಟ್ಟಾದ ಎಳೆಯ ಇಲಿಗಳ ಹಿಪೋಕ್ಯಾಂಪಸ್ ಭಾಗವನ್ನು ಪರೀಕ್ಷಿಸಿದರು. ಹೊಸ ನೆನಪು ಕಟ್ಟುವ ಜಾಗ ಅದು. ಅಲ್ಲಿ ಹಿಸ್ಟೋನುಗಳ ಅಸಿಟೈಲ್ ಗುರುತುಗಳು ಕಡಿಮೆಯಾಗಿದ್ದವು, ಅಂದರೆ ಬೇಲು ಬಿಗಿಯಾಗಿತ್ತು. ಮರುವರ್ಷ ಇನ್ನೊಂದು ತಂಡ, ಪೆಟ್ಟು ಬಿದ್ದ ಜಾಗದ ಮೈಕ್ರೋಗ್ಲಿಯಾಗಳ ಒಂದು ಗುಂಪಿನಲ್ಲಿ ಡಿಎನ್ಎಯ ಮಿಥೈಲ್ ಗುರುತುಗಳು ಕಳಚಿಹೋಗಿರುವುದನ್ನು ಕಂಡಿತು. 2017ರಲ್ಲಿ ಲಾಸ್ ಏಂಜಲಿಸ್ ವಿಶ್ವವಿದ್ಯಾಲಯದವರು, ಪೆಟ್ಟು ತಿಂದ ಇಲಿಗಳಲ್ಲಿ ನೂರಾರು ಜೀನುಗಳ ಓದು ಬದಲಾಗಿರುವುದನ್ನು, ಮಿಥೈಲ್ ಗುರುತುಗಳೂ ಸ್ಥಾನಪಲ್ಲಟವಾಗಿರುವುದನ್ನು ತೋರಿಸಿದರು. ಅದು ಮಿದುಳಿನಲ್ಲಿ ಮಾತ್ರವಲ್ಲ, ರಕ್ತದ ಬಿಳಿ ಕಣಗಳಲ್ಲೂ ಕಾಣಿಸಿತು.

ಇಲಿಗಳು ಹಾಗಿರಲಿ, ಮನುಷ್ಯರು? ಬದುಕಿರುವವರ ಮಿದುಳನ್ನು ಕತ್ತರಿಸಿ ನೋಡುವಂತಿಲ್ಲ. ಆದರೆ 2011ರಲ್ಲಿ ಲಂಡನ್ನಿನ ವೈದ್ಯರು ವಿಶೇಷ ಸ್ಕ್ಯಾನಿನಿಂದ, ಗಾಯವಾಗಿ 17 ವರ್ಷ ಕಳೆದವರ ಮಿದುಳಿನಲ್ಲೂ ಮೈಕ್ರೋಗ್ಲಿಯಾ ಕಾವಲುಗಾರರು ಇನ್ನೂ ಮಲಗದೆ ಕೋಲು ಹಿಡಿದು ನಿಂತಿರುವುದನ್ನು ಕಂಡರು. ಹದಿನೇಳು ವರ್ಷ! ನಾನು ನಾಲ್ಕೇ ತಿಂಗಳಿಗೆ ತಾಳ್ಮೆಯ ಪಾಠ ಹೇಳಲು ಹೋಗಿದ್ದೆ.

ಸತ್ತವರ ಮಿದುಳನ್ನು ಪರೀಕ್ಷಿಸುವ ವ್ಯವಸ್ಥೆ ನಮ್ಮ ಹತ್ತಿರವೇ ಇದೆ. ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಆರಂಭವಾದ ಮಿದುಳು ಬ್ಯಾಂಕ್ ಕುಟುಂಬದವರ ಒಪ್ಪಿಗೆ ಪಡೆದು ಮಿದುಳುಗಳನ್ನು ಕಾಪಾಡಿ ಸಂಶೋಧಕರಿಗೆ ಒದಗಿಸುತ್ತದೆ. ರಸ್ತೆ ಅಪಘಾತದಲ್ಲಿ ತೀರಿಕೊಂಡವರ ಕುಟುಂಬಗಳು ದುಃಖದ ನಡುವೆಯೂ ಕೊಟ್ಟ ದಾನ ಅದರಲ್ಲಿದೆ. ಮರಣಾನಂತರದ ಅಂಗದಾನ ಧರ್ಮಸಭೆಗೆ ಒಪ್ಪಿಗೆಯೇ ಎಂದು ಕೆಲವರು ನನ್ನನ್ನು ಗುಟ್ಟಾಗಿ ಕೇಳುತ್ತಾರೆ. ಒಪ್ಪಿಗೆ ಮಾತ್ರವಲ್ಲ, ಕಥೋಲಿಕ ಧರ್ಮೋಪದೇಶ ಅದನ್ನು ಶ್ಲಾಘನೀಯ ಕಾರ್ಯವೆಂದೇ ಹೇಳುತ್ತದೆ. ಸಂತ ಜಗದ್ಗುರು ಎರಡನೆಯ ಜಾನ್ ಪಾಲ್ 2000ದ ಆಗಸ್ಟಿನಲ್ಲಿ ಅಂಗಕಸಿ ತಜ್ಞರ ಸಮ್ಮೇಳನದಲ್ಲಿ ಈ ಬಗ್ಗೆ ವಿವರವಾಗಿ ಮಾತಾಡಿದ್ದರು.

ರಿಬ್ಬನ್ನನ್ನು ಮತ್ತೆ ಸರಿಸಬಹುದೇ?

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿಸಿದ ಭಾಗ ಇದೇ. ಹರಿದ ಪುಟವನ್ನು ಅಂಟಿಸುವುದು ಕಷ್ಟ. ತಪ್ಪಿದ ರಿಬ್ಬನ್ನನ್ನು ಸರಿಸಲು ಸಾಧ್ಯವಿದೆ.

2004ರಲ್ಲಿ ಕೆನಡಾದ ಮೈಕೆಲ್ ಮೀನಿ ಮತ್ತು ಮೋಶೆ ಝಿಫ್ ಅವರ ತಂಡದ ಒಂದು ಪ್ರಯೋಗ ಪ್ರಸಿದ್ಧವಾಯಿತು. ತಾಯಿ ಇಲಿ ಮರಿಗಳನ್ನು ಹೆಚ್ಚು ನೆಕ್ಕಿ ನೇವರಿಸಿದರೆ, ಆ ಮರಿಗಳ ಮಿದುಳಿನಲ್ಲಿ ಒತ್ತಡವನ್ನು ಹತೋಟಿಯಲ್ಲಿಡುವ ಒಂದು ಜೀನಿನ ಮೇಲಿನ ಮಿಥೈಲ್ ಗುರುತು ಕಡಿಮೆ ಇರುತ್ತದೆ; ದೊಡ್ಡದಾದ ಮೇಲೂ ಆ ಇಲಿಗಳು ಅಷ್ಟು ಸುಲಭವಾಗಿ ಬೆದರುವುದಿಲ್ಲ. ಆರೈಕೆ ಜೀನಿನ ಬಾಗಿಲವರೆಗೆ ತಲುಪುತ್ತದೆ ಎಂದಾಯಿತು. 2007ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇನ್ನೊಂದು ಪ್ರಯೋಗ. ನರಕೋಶಗಳನ್ನು ಕಳೆದುಕೊಂಡು, ಹಿಂದೆ ಕಲಿತದ್ದನ್ನು ಮರೆತಿದ್ದ ಇಲಿಗಳನ್ನು ಬರಿಯ ಪಂಜರದಿಂದ ತೆಗೆದು, ಆಟದ ಚಕ್ರ, ಸುರಂಗ, ಜೊತೆಗಾರರು ಇರುವ ದೊಡ್ಡ ಜಾಗದಲ್ಲಿ ಇಟ್ಟರು. ಹಿಸ್ಟೋನುಗಳ ಬೇಲು ಸಡಿಲವಾಯಿತು. ಕಳೆದುಹೋಯಿತೆಂದುಕೊಂಡ ನೆನಪು ಮರಳಿತು. ಬೇಲು ಸಡಿಲಿಸುವ ಔಷಧದಿಂದಲೂ ಹಾಗೆಯೇ ಆಯಿತು. 2009ರಲ್ಲಿ ಹ್ಯೂಸ್ಟನ್ನಿನವರು ತಲೆಗೆ ಪೆಟ್ಟಾದ ಇಲಿಗಳಿಗೆ ಅಂಥ ಔಷಧವನ್ನು ಕಲಿಕೆಯ ಅಭ್ಯಾಸದೊಂದಿಗೆ ಕೊಟ್ಟಾಗ ಕಲಿಕೆಯೂ ನೆನಪೂ ಸುಧಾರಿಸಿದವು. ಔಷಧ ಬಾಗಿಲು ತೆರೆಯಬಹುದು, ಆದರೆ ಒಳಗೆ ನಡೆದು ಹೋಗಬೇಕಾದದ್ದು ಅಭ್ಯಾಸವೇ.

ಹಾಗಾದರೆ ಆ ಮಾತ್ರೆ ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ. ಇಲಿಯಿಂದ ಮನುಷ್ಯನಿಗೆ ದಾರಿ ದೂರ. ಒಂದು ಉದಾಹರಣೆ ಕೊಡುತ್ತೇನೆ. ವಾಲ್ಪ್ರೋಯೇಟ್ ಎಂಬ ಫಿಟ್ಸ್ ಮಾತ್ರೆ ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇರಬಹುದು. ಅದಕ್ಕೆ ಹಿಸ್ಟೋನುಗಳ ಬೇಲನ್ನು ಸಡಿಲಿಸುವ ಗುಣವೂ ಇದೆ ಎಂದು 2001ರಲ್ಲಿ ಗೊತ್ತಾಯಿತು. ಆದರೆ ಅದಕ್ಕೆ ಮೊದಲೇ, 1999ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ, ತಲೆಗೆ ಗಾಯವಾದವರಿಗೆ ಫಿಟ್ಸ್ ಬಾರದಿರಲೆಂದು ಅದನ್ನು ಕೊಟ್ಟು ನೋಡಿದ್ದರು. ಹಳೆಯ ಔಷಧಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಸಾವು ತುಸು ಹೆಚ್ಚೇ ಆದಂತೆ ತೋರಿತು. ಆದ್ದರಿಂದ ವೈದ್ಯರು ಫಿಟ್ಸಿಗೆಂದು ಬರೆದುಕೊಟ್ಟಿದ್ದರೆ ತಪ್ಪದೆ ತೆಗೆದುಕೊಳ್ಳಿ, ತಾವಾಗಿಯೇ ನಿಲ್ಲಿಸಬೇಡಿ. ನೆನಪಿನ ಶಕ್ತಿಗೆಂದು ಯಾರೋ ಹೇಳಿದರೆಂದು ನುಂಗಬೇಡಿ. ಮಿದುಳಿನ ಜೀನುಗಳನ್ನು ಸರಿಪಡಿಸುವ ಪುಡಿ, ಟಾನಿಕ್ ಎಂದು ಮೊಬೈಲಿನಲ್ಲಿ ಜಾಹೀರಾತು ಬಂದರೆ ಹಣ ಕಳುಹಿಸಬೇಡಿ.

ಅಭ್ಯಾಸದ ಬಲಕ್ಕೆ ಒಂದು ಹಳೆಯ ಸಾಕ್ಷಿ ಇದೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟಿನಲ್ಲಿ ರೈಲು ದಾರಿಗಾಗಿ ಬಂಡೆ ಸಿಡಿಸುವಾಗ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಸಲಾಕೆ ನೆತ್ತಿಯಿಂದ ಹೊರಬಂತು. ಮೂರೂವರೆ ಅಡಿ ಉದ್ದ, ಆರು ಕಿಲೋ ತೂಕ. ಆತ ಬದುಕಿದ. ಆದರೆ ಸ್ವಭಾವ ಎಷ್ಟು ಬದಲಾಯಿತೆಂದರೆ ಗೆಳೆಯರೇ ಇವನು ಹಳೆಯ ಗೇಜ್ ಅಲ್ಲ ಎಂದರಂತೆ. ಆ ತಾಯಿ ನನಗೆ ಹೇಳಿದ ಮಾತೇ. ವೈದ್ಯಶಾಸ್ತ್ರದ ಪಾಠಗಳಲ್ಲಿ ಕಥೆ ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತಿತ್ತು. ಮುಂದಿನದನ್ನು ಕಡಿಮೆ ಜನ ಹೇಳುತ್ತಾರೆ: ಗೇಜ್ ಆಮೇಲೆ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಸುಮಾರು ಏಳು ವರ್ಷ ಕುದುರೆಗಾಡಿ ಓಡಿಸಿದ. ಕುದುರೆಗಳ ಆರೈಕೆ, ಪ್ರಯಾಣಿಕರ ಜೊತೆ ವ್ಯವಹಾರ, ದಿನವೂ ಅದೇ ಕೆಲಸ. ಆ ಕ್ರಮಬದ್ಧ ದಿನಚರಿಯೇ ಅವನನ್ನು ಮತ್ತೆ ಮನುಷ್ಯರ ನಡುವೆ ನಿಲ್ಲಿಸಿತೆಂದು ಇತ್ತೀಚಿನ ಕೆಲವು ವಿದ್ವಾಂಸರ ಅಭಿಪ್ರಾಯ. 1860ರಲ್ಲಿ ಫಿಟ್ಸ್ ಬಂದು ತೀರಿಕೊಂಡ, ಅದೂ ಗಾಯದ ಫಲವೇ ಇರಬೇಕು.

ಸಂತ ಮಾರ್ಕನ ಶುಭಸಂದೇಶದಲ್ಲಿ ಬೆತ್ಸಾಯಿದದ ಕುರುಡನ ಪ್ರಸಂಗ ನಿಮಗೆ ಗೊತ್ತು. ಪ್ರಭು ಯೇಸು ಮೊದಲ ಸಲ ಕೈಯಿಟ್ಟಾಗ ಅವನಿಗೆ ಜನರು ನಡೆದಾಡುವ ಮರಗಳಂತೆ ಕಂಡರು. ಎರಡನೆಯ ಸಲ ಕೈಯಿಟ್ಟ ಮೇಲೆ ಎಲ್ಲವೂ ಸ್ಪಷ್ಟವಾಯಿತು. ಗುರುಮಠದಲ್ಲಿ ಇದನ್ನು ಓದಿದಾಗ ಪ್ರಭುವಿಗೇಕೆ ಎರಡು ಸಲ ಬೇಕಾಯಿತು ಎಂದು ತಲೆ ಕೆಡಿಸಿಕೊಂಡಿದ್ದೆ. ಈಗ ಆ ಹಮಾಲಿಯ ಮನೆಯಲ್ಲಿ ಕೂತಾಗ ಅದೇ ಭಾಗ ಬೇರೆಯಾಗಿ ಕಾಣುತ್ತದೆ. ಮರಗಳಂತೆ ಕಾಣುವ ಹಂತದಲ್ಲಿ ಇರುವವನನ್ನು ಯೇಸು ಬೈಯಲಿಲ್ಲ, ಬಿಟ್ಟೂ ಹೋಗಲಿಲ್ಲ.

ಮಗಳಿಗೆ ಬರುತ್ತದೆಯೇ?

ವೈದ್ಯರು ನಕ್ಕು ಕೇಳಿದ್ದು ಒಂದೇ ಪ್ರಶ್ನೆ: "ಅಪಘಾತ ಆದಾಗ ಮಗಳ ವಯಸ್ಸೆಷ್ಟಮ್ಮ?" "ಇಪ್ಪತ್ತು." "ಇಪ್ಪತ್ತು ವರ್ಷದ ಹಿಂದೆ ಹುಟ್ಟಿದವಳೊಳಗೆ ಮೊನ್ನೆಯ ಪೆಟ್ಟು ಹೇಗೆ ಹೋಗುತ್ತದೆ?"

ಇಷ್ಟು ಸರಳ. ಆದರೂ ವಿಡಿಯೋದವರು ಪೂರ್ತಿ ಸುಳ್ಳು ಕಟ್ಟಿರಲಾರರು, ಅರ್ಧ ಸತ್ಯ ಎಲ್ಲಿಂದಲೋ ಬಂದಿರಬೇಕು ಎಂದು ಹುಡುಕಿದೆ. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬರಗಾಲ ಬಿದ್ದಾಗ ತಾಯಿಯ ಗರ್ಭದಲ್ಲಿದ್ದವರ ಒಂದು ಜೀನಿನಲ್ಲಿ ಆರು ದಶಕಗಳ ನಂತರವೂ ಮಿಥೈಲ್ ಗುರುತಿನ ವ್ಯತ್ಯಾಸವಿತ್ತೆಂದು 2008ರಲ್ಲಿ ವರದಿಯಾಯಿತು. ಅದು ನಿಜ. ಆದರೆ ಹಸಿವು ಆ ಶಿಶುಗಳನ್ನು ಗರ್ಭದಲ್ಲಿ ನೇರವಾಗಿ ಮುಟ್ಟಿತ್ತು. ಗಂಡು ಇಲಿಯ ಒತ್ತಡದ ಕುರುಹು ವೀರ್ಯದ ಮೂಲಕ ಮರಿಗಳಿಗೆ ತಲುಪಿದಂತೆ ಕಾಣುವ ಪ್ರಯೋಗಗಳೂ ಇವೆ. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಮಿದುಳಿನ ಕೋಶದಲ್ಲಿ ಸರಿದ ರಿಬ್ಬನ್ನು ಮಿದುಳಿನ ಕೋಶದಲ್ಲೇ ಇರುತ್ತದೆ. ಸಂತಾನಕ್ಕೆ ಹೋಗುವುದು ಬೇರೆಯೇ ಕೋಶಗಳು, ಅವುಗಳ ಹಳೆಯ ಗುರುತುಗಳಲ್ಲೂ ಬಹುಪಾಲು ಹೊಸ ಜೀವ ಶುರುವಾಗುವಾಗ ಅಳಿಸಿಹೋಗುತ್ತವೆ. ಬೈಕಿನಿಂದ ಬಿದ್ದವನ ಸಿಟ್ಟು ಮರೆವುಗಳು ಅವನ ಮಕ್ಕಳಿಗೆ ವಂಶಪಾರಂಪರ್ಯವಾಗಿ ಬರುತ್ತವೆ ಎನ್ನಲು ಆಧಾರವಿಲ್ಲ.

ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪದ ಫಲ, ಇವನದೋ ತಂದೆತಾಯಿಯದೋ ಎಂದು ಕೇಳಿದರಲ್ಲವೇ? ಸಂತ ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯ. ಯೇಸು ಎರಡನ್ನೂ ಅಲ್ಲಗಳೆದರು. ಎರಡು ಸಾವಿರ ವರ್ಷವಾದರೂ ನಾವು ಅದೇ ಪ್ರಶ್ನೆ ಕೇಳುತ್ತಿದ್ದೇವೆ. ಪಾಪದ ಜಾಗದಲ್ಲಿ ಜೀನ್ ಎಂಬ ಪದ ಬಂದಿದೆ, ಅಷ್ಟೇ.

ಮನೆಯಲ್ಲಿ ಮಾಡಬಹುದಾದದ್ದು

ವೈದ್ಯರು ಆ ಕುಟುಂಬಕ್ಕೆ ಹೇಳಿದ್ದು ಬಹಳ ಸಾಮಾನ್ಯ ಸಂಗತಿಗಳು. ದಿನಾ ಒಂದೇ ಹೊತ್ತಿಗೆ ಏಳುವುದು, ಒಂದೇ ಹೊತ್ತಿಗೆ ಮಲಗುವುದು. ನಿದ್ದೆ ಕೆಡಬಾರದು. ಒಂದು ಸಲಕ್ಕೆ ಒಂದೇ ಕೆಲಸ, ಒಂದೇ ಮಾತು. ಜೇಬಿನಲ್ಲಿ ಚಿಕ್ಕ ನೋಟ್‌ಬುಕ್, ಕೀಲಿಕೈಗೆ ಒಂದೇ ಮೊಳೆ. ಪ್ರತಿದಿನ ನಡಿಗೆ. ಮದ್ಯ ಒಂದು ಹನಿಯೂ ಬೇಡ. ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಅಪಾಯ, ಆದ್ದರಿಂದ ವೈದ್ಯರು ಒಪ್ಪುವವರೆಗೆ ಬೈಕು ಬೇಡ, ಎತ್ತರ ಹತ್ತುವುದು ಬೇಡ. ಗದ್ದಲ ಕಡಿಮೆ ಇರಲಿ. ಈ ಕೊನೆಯ ಮಾತು ಕೇಳಿದಾಗ ನನಗೆ ನಮ್ಮ ಹಬ್ಬಗಳ ಮೈಕ್ ಸೆಟ್ಟು ನೆನಪಾಗಿ ನಾಚಿಕೆಯಾಯಿತು. ಅವರು ಪೂಜೆಯ ಮಧ್ಯೆ ಎದ್ದು ಹೊರಗೆ ಹೋಗುತ್ತಿದ್ದುದನ್ನು ನಾನು ಅಸಡ್ಡೆ ಎಂದುಕೊಂಡಿದ್ದೆ. ಈಗ ಭಾನುವಾರದ ಮೊದಲ ಪೂಜೆಗೆ ಸ್ಪೀಕರಿನ ಸದ್ದು ಅರ್ಧಕ್ಕೆ ಇಳಿಸಿದ್ದೇವೆ. ವಯಸ್ಸಾದವರು ಇನ್ನಷ್ಟು ಖುಷಿಯಾಗಿದ್ದಾರೆ.

ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಗಾಯದಿಂದ ಸಿಟ್ಟು ಬರುತ್ತದೆ ಎಂದರೆ ಹೆಂಡತಿ ಮಕ್ಕಳು ಹೊಡೆತ ತಿಂದುಕೊಂಡಿರಬೇಕೆಂದಲ್ಲ. ಮನುಷ್ಯನ ಹೊಣೆಗಾರಿಕೆ ರೋಗದಿಂದ, ಮನಸ್ಸಿನ ಸ್ಥಿತಿಯಿಂದ ಕಡಿಮೆಯಾಗಬಹುದೆಂದು ಧರ್ಮಸಭೆ ಬೋಧಿಸುತ್ತದೆ. ಹೊಡೆತದ ನೋವು ಅದರಿಂದ ಕಡಿಮೆಯಾಗುವುದಿಲ್ಲ. ಕೈ ಎತ್ತುವ ಹಂತ ಬಂದರೆ ಮೊದಲು ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಜಾಗಕ್ಕೆ ಹೋಗಿ, ಆಮೇಲೆ ವೈದ್ಯರಿಗೆ ತಿಳಿಸಿ. ಯಾವ ಪಾದ್ರಿಯೂ ನಿಮ್ಮನ್ನು ಸಹಿಸಿಕೊಂಡಿರಿ ಎಂದು ವಾಪಸ್ ಕಳುಹಿಸಬಾರದು. ಮಾತಾಡಲು ಯಾರೂ ಇಲ್ಲವೆನಿಸಿದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ.

ಮತ್ತೆ ರಸ್ತೆಯ ಮಾತು. ಆದವಾನಿಯಿಂದ ಕರ್ನೂಲಿಗೆ ಸುಮಾರು 100 ಕಿಲೋಮೀಟರ್, ಬಳ್ಳಾರಿಗೆ 70. ತಲೆಗೆ ಪೆಟ್ಟಾದವನಿಗೆ ಆ ದೂರದ ಪ್ರತಿ ನಿಮಿಷವೂ ಮುಖ್ಯ, ಏಕೆಂದರೆ ಎರಡನೆಯ ಗಾಯ ಆಗುತ್ತಿರುವುದು ಆ ನಿಮಿಷಗಳಲ್ಲೇ. 108 ಆಂಬುಲೆನ್ಸ್ 2005ರಲ್ಲಿ ಮೊದಲು ಓಡಿದ್ದು ಈ ರಾಜ್ಯದಲ್ಲೇ. ಆದರೂ ಬಿದ್ದವನ ಸುತ್ತ ಗುಂಪು ನಿಲ್ಲುತ್ತದೆ, ಪೊಲೀಸ್ ಕೇಸಿಗೆ ಹೆದರಿ ಯಾರೂ ಮುಟ್ಟುವುದಿಲ್ಲ. ಜೆರಿಕೋ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನ ಹೆಸರನ್ನೇ ಈಗ ದೇಶದ ಕಾನೂನಿನಲ್ಲಿ ಬಳಸಿದ್ದಾರೆ. 2016ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಿದ ನಿಯಮಗಳು 2019ರಲ್ಲಿ ಮೋಟಾರು ವಾಹನ ಕಾಯ್ದೆಯ 134ಎ ಕಲಮಾಗಿ ಸೇರಿವೆ. ಸದ್ಭಾವನೆಯಿಂದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಎತ್ತುವಾಗ ಕುತ್ತಿಗೆ ಅಲುಗದಂತೆ ನೋಡಿಕೊಳ್ಳಿ, ಬಾಯಿಗೆ ನೀರು ಹಾಕಬೇಡಿ. ಅಂದಹಾಗೆ ಆ ಸಮಾರಿಯದವನು ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಹೇಳಿ ಹೋದನಲ್ಲ, ಅವನು ಮತ್ತೆ ಬರುವ ಮನುಷ್ಯ. ಕೃತಜ್ಞತಾ ಪೂಜೆ ಮುಗಿಸಿ ಸಿಹಿ ಹಂಚಿದ ಮೇಲೆ ನಾವು ಎಷ್ಟು ಸಲ ಆ ಹಮಾಲಿಯ ಮನೆಗೆ ಹೋಗಿದ್ದೆವು?

ಅಪಘಾತವಾಗಿ ಈಗ ಎರಡು ವರ್ಷ ದಾಟಿದೆ. ಅವರು ಮೂಟೆ ಹೊರುವುದಿಲ್ಲ. ಅದೇ ಮಾರುಕಟ್ಟೆಯಲ್ಲಿ ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ಚೀಲಗಳ ಲೆಕ್ಕ ಬರೆಯುವ ಕೆಲಸ ಮಾಡುತ್ತಾರೆ. ಲೆಕ್ಕ ತಪ್ಪಬಾರದೆಂದು ಹತ್ತಕ್ಕೊಂದು ಗೆರೆ ಎಳೆಯುತ್ತಾರೆ. ವಾಸನೆ ಇನ್ನೂ ತಿಳಿಯುವುದಿಲ್ಲ. ಸಿಟ್ಟು ಬಂದಾಗ ತಾವೇ ಎದ್ದು ಬೇವಿನ ಮರದ ಕಡೆಗೆ ನಡೆಯುತ್ತಾರೆ, ಹಿಂದೆ ಯಾರೂ ಹೋಗುವುದಿಲ್ಲ. ಗಂಡಿನ ಕಡೆಯವರನ್ನು ನಾನೇ ಭೇಟಿಯಾಗಿ ಈ ಲೇಖನದಲ್ಲಿ ಬರೆದದ್ದನ್ನೆಲ್ಲ ಬಾಯಿಮಾತಿನಲ್ಲಿ ಹೇಳಿದೆ. ರಿಬ್ಬನ್ನಿನ ಉದಾಹರಣೆಯನ್ನೂ ಕೊಟ್ಟೆ. ಹುಡುಗನ ಅಜ್ಜಿ ಎಲ್ಲ ಕೇಳಿ, "ಅಷ್ಟುದ್ದ ಯಾಕೆ ಫಾದರ್, ಬಿದ್ದವರು ಎದ್ದಿದ್ದಾರಲ್ಲ" ಎಂದರು. ಮುಂದಿನ ತಿಂಗಳು ಮದುವೆಯ ಪ್ರಕಟಣೆ ಓದುತ್ತೇನೆ. ಬ್ಯಾಂಡ್ ಸೆಟ್ ಬೇಡವೆಂದು ಗಂಡಿನ ಕಡೆಯವರೇ ಹೇಳಿ ಕಳುಹಿಸಿದ್ದಾರೆ.